ನೋಡೋಣಪ್ಪನವರು ಬಗ್ ಟ್ರ್ಯಾಕರ್ ಆರಿಸಿದ್ದು

ಲೋಕವನ್ನು ಮಾಡಿದವನು ಅದರಲ್ಲಿ ಒಂದಷ್ಟು ದೋಷಗಳನ್ನು ಉಳಿಸಿದ್ದಾನೆ. ದೂರು ಹೇಳಿಕೊಳ್ಳಲು ಪ್ರಾರ್ಥನೆ ಎಂಬ ದಾರಿಯನ್ನೂ ಇಟ್ಟಿದ್ದಾನೆ. ಆದರೆ ಯಾರ ದೂರಿನ ನಂಬರು ಎಷ್ಟು, ಅದು ಯಾರ ಮೇಜಿನ ಮೇಲಿದೆ ಎಂಬುದನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ. ಇದು ಅವನ ಕರುಣೆ. ತೋರಿಸಿದ್ದರೆ ಏನಾಗುತ್ತಿತ್ತು ಎಂದು ತಿಳಿಯಬೇಕಾದವರು ನೋಡೋಣಪ್ಪನವರ ಮನೆಯಲ್ಲಿ ಒಂದು ವಾರ ನಡೆದದ್ದನ್ನು ಕೇಳಬೇಕು.

ನೋಡೋಣಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೌಂಟರಿನಲ್ಲಿ ಅವರು ಹದಿನೆಂಟು ವರ್ಷದಿಂದ ಕೂತಿದ್ದಾರೆ. ಯಾರು ಏನು ಕೇಳಿದರೂ ಅವರ ಬಾಯಿಂದ ಬರುವ ಮೊದಲ ಮಾತು "ನೋಡೋಣ". ಕ್ಷೌರಿಕನು "ಚಿಕ್ಕದಾಗಿ ಮಾಡ್ಲಾ ಸ್ವಾಮಿ?" ಎಂದರೂ "ನೋಡೋಣ". "ಕತ್ತರಿಸಿದ ಮೇಲೆ ನೋಡಿ ಏನು ಬಂತು?" ಎಂದು ಅವನು ಕತ್ತರಿ ಕೆಳಗಿಟ್ಟು ಮುಂದಿನವರನ್ನು ಕರೆದದ್ದೂ ಉಂಟು.

ಇಂಥವರು ಒಂದು ತಂತ್ರಾಂಶ ಬರೆದಿದ್ದರು ಎಂದರೆ ನಂಬುವುದು ಕಷ್ಟ, ಆದರೂ ಬರೆದಿದ್ದರು. ಚಿಕ್ಕ ಗ್ರಂಥಾಲಯಗಳಲ್ಲಿ ಯಾವ ಪುಸ್ತಕ ಯಾರ ಬಳಿ ಇದೆ ಎಂದು ನೆನಪಿಟ್ಟುಕೊಳ್ಳುವ ತಂತ್ರಾಂಶ. ಅದನ್ನು ಬರೆದು ಲೋಕಕ್ಕೆ ಬಿಟ್ಟಿಯಾಗಿ ಬಿಟ್ಟಿದ್ದರು. ಮುಕ್ತ ತಂತ್ರಾಂಶ ಎನ್ನುತ್ತಾರೆ. ಊರ ನಡುವಿನ ಬಾವಿ ಇದ್ದ ಹಾಗೆ: ಯಾರು ಬೇಕಾದರೂ ಸೇದಿಕೊಳ್ಳಬಹುದು, ಯಾರು ಬೇಕಾದರೂ ಹಗ್ಗ ಬದಲಿಸಬಹುದು, ನೀರು ಕದಡಿದಾಗ ಮಾತ್ರ ಬೈಸಿಕೊಳ್ಳುವವನು ಬಾವಿ ತೋಡಿದವನೇ.

ನೀರು ಆಗಾಗ ಕದಡುತ್ತಿತ್ತು. ಎಲ್ಲೆಲ್ಲಿಂದಲೋ ದೋಷಗಳ ವರದಿ ಬರುತ್ತಿತ್ತು. ನೋಡೋಣಪ್ಪನವರು ಒಂದೊಂದನ್ನೂ ಚೀಟಿಯಲ್ಲಿ ಬರೆದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಮುಚ್ಚಳ ಒತ್ತುತ್ತಿದ್ದರು. ಮುಚ್ಚಳ ಒತ್ತಿದ ಕೂಡಲೇ ಮನಸ್ಸು ಹಗುರಾಗುತ್ತಿತ್ತು. ಹಾಗೆ ಹಗುರಾದ ದಿನಗಳಲ್ಲೊಂದು ದಿನ ಒಳಗೆ ಹೋದದ್ದು ಆಸ್ಪತ್ರೆಯ ಅಜ್ಜಿಯ ಚೀಟಿ.

ದೂರದ ಒಂದು ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಗಳಿಗಾಗಿ ಒಂದು ಪುಸ್ತಕದ ಕಪಾಟಿತ್ತು. ನೋಡಿಕೊಳ್ಳುತ್ತಿದ್ದವರು ಒಬ್ಬ ನರ್ಸಮ್ಮ. ರೋಗಿಗಳೆಲ್ಲ ತಿಂಗಳೊಳಗೆ ಮನೆಗೆ ಹೋಗುವವರು. ತಿಂಗಳು ದಾಟಿ ಕಾರ್ಡು ನವೀಕರಿಸಿಕೊಂಡವರು ಆ ಅಜ್ಜಿ ಒಬ್ಬರೇ. ನವೀಕರಿಸುವಾಗ ತಂತ್ರಾಂಶವು ಅವರ ಹಾಸಿಗೆಯ ನಂಬರನ್ನು ಪುಸ್ತಕಗಳ ಲೆಕ್ಕವೆಂದು ತಿಳಿದು, ಅಜ್ಜಿ ಮುನ್ನೂರ ಹನ್ನೆರಡು ಪುಸ್ತಕ ಹಿಂತಿರುಗಿಸಿಲ್ಲ ಎಂದು ಬರೆದುಕೊಂಡಿತು. ಅವು ಬರುವವರೆಗೆ ಇನ್ನೊಂದು ಕೊಡುವುದಿಲ್ಲ ಎಂದು ಹಟ ಹಿಡಿಯಿತು. ಅಜ್ಜಿ ಓದುತ್ತಿದ್ದದ್ದು ಎರಡು ಸಂಪುಟದ ಕಾದಂಬರಿ. ಮೊದಲ ಸಂಪುಟದ ಕೊನೆಯ ಸಾಲಿನಲ್ಲಿ ನಾಯಕಿ ಬಾಗಿಲು ತೆರೆಯುತ್ತಾಳೆ. ಬಾಗಿಲ ಹಿಂದೆ ಯಾರು? ಎರಡು ತಿಂಗಳಿಂದ ಅಜ್ಜಿಗೆ ಗೊತ್ತಿಲ್ಲ. ನರ್ಸಮ್ಮ ಎರಡನೇ ಸಂಪುಟವನ್ನು ಸುಮ್ಮನೆ ದಿಂಬಿನ ಕೆಳಗೆ ಇಡಲು ಹೋದರೆ, "ಬರ್ಕೊಳ್ದೆ ಕೊಟ್ಟ ಪುಸ್ತಕ ಕದ್ದಂಗೆ ಕಣಮ್ಮ. ಈ ವಯಸ್ಸಲ್ಲಿ ನನ್ನ ಕಳ್ಳಿ ಮಾಡ್ಬೇಡ" ಎಂದು ಹಿಂದಕ್ಕೆ ಕೊಟ್ಟರಂತೆ.

ನೋಡೋಣಪ್ಪನವರಿಗೆ ತಂತ್ರಾಂಶದಲ್ಲಿ ಕೈಜೋಡಿಸಿದವರು ಇಬ್ಬರೇ: ಈ ನರ್ಸಮ್ಮ, ಮತ್ತೆ ನಿವೃತ್ತ ರೈಲ್ವೆ ಗಾರ್ಡೊಬ್ಬರು. ಇಬ್ಬರೂ ಭಾನುವಾರ ನಾಲ್ಕು ಗಂಟೆಗೆ ಕಂಪ್ಯೂಟರಿನ ಪರದೆಯಲ್ಲಿ ಭೇಟಿ ಕೊಡುತ್ತಿದ್ದರು. ಆ ಭಾನುವಾರ ನರ್ಸಮ್ಮನ ಮುಖ ಕೆಂಪಗಿತ್ತು.

"ಅಣ್ಣಾ, ಅಜ್ಜಿ ವಿಷಯ ಏನಾಯ್ತು?"

"ಅದೂ... ಡಬ್ಬಿಯಲ್ಲಿರಬೇಕು."

"ಡಬ್ಬಿ!" ಎಂದರು ಗಾರ್ಡು. ನಲವತ್ತು ವರ್ಷ ಹಸಿರು ಬಾವುಟ ತೋರಿಸಿ ಒಂದು ರೈಲನ್ನೂ ತಡಮಾಡದವರು. "ರೀ ಸ್ವಾಮಿ, ಲೋಕದಲ್ಲಿ ಎಲ್ಲರೂ ಬಗ್ ಟ್ರ್ಯಾಕರ್ ಇಟ್ಕೊಂಡಿದ್ದಾರೆ. ದೋಷ ಬಂದ್ರೆ ಅದಕ್ಕೊಂದು ನಂಬರು, ಒಬ್ಬ ಹೊಣೆಗಾರ. ನೀವು ಬಿಸ್ಕತ್ತಿನ ಡಬ್ಬಿ ಇಟ್ಕೊಂಡಿದ್ದೀರಿ. ಯಾವ ಟ್ರ್ಯಾಕರ್ ಅಂತ ಇವತ್ತು ಹೇಳಿ."

ಈಗ ಒಂದು ಸಣ್ಣ ಸುಳ್ಳು ಬಂತು. ದೊಡ್ಡ ಸುಳ್ಳಿಗೆ ಧೈರ್ಯ ಬೇಕು. ಸಣ್ಣದಕ್ಕೆ ಗಾಬರಿ ಸಾಕು.

"ಅಯ್ಯೋ, ನಾನಾಗ್ಲೇ ಏಳನ್ನ ಪರೀಕ್ಷೆ ಮಾಡಿ ಮುಗಿಸ್ತಾ ಬಂದಿದ್ದೀನಿ. ಮುಂದಿನ ಭಾನುವಾರ ತೀರ್ಮಾನ ಹೇಳ್ತೀನಿ."

"ಹೇಳದಿದ್ರೆ ನಾವಿಬ್ರೂ ತಂತ್ರಾಂಶದ ಒಂದು ಪ್ರತಿ ಎತ್ಕೊಂಡು ಬೇರೆ ಒಲೆ ಹೂಡ್ತೀವಿ" ಎಂದರು ಗಾರ್ಡು.

"ಆ ಭಾನುವಾರ ಕಳೆದು ಮಾರನೇ ದಿನ, ಸೋಮವಾರ, ಅಜ್ಜಿಗೆ ಆಪರೇಷನ್ನು" ಎಂದರು ನರ್ಸಮ್ಮ. "ಬಾಗಿಲ ಹಿಂದೆ ಯಾರಿದ್ದಾರೆ ಗೊತ್ತಾಗದೆ ಮಂಪರಿನ ಮದ್ದು ತಗೊಳ್ಳಲ್ಲ ಅಂತ ಕೂತಿದ್ದಾರೆ. ಟ್ರ್ಯಾಕರ್ ಆಮೇಲಾಗ್ಲಿ, ಅದನ್ನಾದ್ರೂ ಈಗ ಸರಿಮಾಡಿ."

"ಹೇಗಮ್ಮ ಸರಿಮಾಡೋದು? ಮೊದ್ಲು ಅದನ್ನ ಸರಿಯಾದ ಜಾಗದಲ್ಲಿ ಬರೀಬೇಕಲ್ವಾ? ಬರೀದೇ ಸರಿಮಾಡಿದ್ರೆ, ಸರಿಯಾಯ್ತು ಅಂತ ಎಲ್ಲಿ ಬರೆಯೋದು?"

ಹದಿನೆಂಟು ವರ್ಷ ಕೌಂಟರಿನಲ್ಲಿ ಕೂತವರಿಗೆ ಮಾತ್ರ ಹೊಳೆಯುವ ನ್ಯಾಯ ಅದು.

ಸೋಮವಾರವೇ ಅವರು ಕೆಲಸಕ್ಕೆ ಕೂತರು. ಏಳು ಟ್ರ್ಯಾಕರ್‌ಗಳ ಹೆಸರು ಅಡ್ಡಕ್ಕೆ ಬರೆದು, ಗುಣಗಳನ್ನು ಉದ್ದಕ್ಕೆ ಬರೆದು ಒಂದು ಪಟ್ಟಿ ಮಾಡಿದರು. ಎರಡು ಸಮವಾಗಿ ನಿಂತರೆ ಇನ್ನೊಂದು ಗುಣ ಸೇರಿಸುವುದು. ಅದರಲ್ಲೂ ಸಮವಾದರೆ ಮತ್ತೊಂದು. ಬುಧವಾರ ಸಂಜೆಗೆ ಗುಣಗಳು ಐವತ್ತೆಂಟಾದವು. ಕೊನೆಯದು "ಬಟನ್ನಿನ ಬಣ್ಣ ಮನಸ್ಸಿಗೆ ನೆಮ್ಮದಿ ಕೊಡುತ್ತದೆಯೇ?" ಏಳರ ಎದುರಿಗೂ "ನೋಡೋಣ" ಎಂದು ಬರೆದಿದ್ದರು.

ಗುರುವಾರ ಗ್ರಂಥಾಲಯಕ್ಕೆ ರಜೆ. ಇನ್ನು ಬಳಸಿಯೇ ನೋಡಬೇಕು ಎಂದು ಪಟ್ಟಿಯ ಎರಡನೆಯ ಟ್ರ್ಯಾಕರಿನಲ್ಲಿ ತಂತ್ರಾಂಶದ ಹೆಸರಿನಲ್ಲೇ ಒಂದು ಪ್ರಯೋಗದ ಖಾತೆ ತೆರೆದರು. ಪರೀಕ್ಷೆಗೆ ಒಂದೆರಡು ದೋಷ ಬರೆಯಬೇಕು. ತಂತ್ರಾಂಶದ ದೋಷ ಬರೆಯೋಣವೆಂದರೆ ಟ್ರ್ಯಾಕರ್ ಇನ್ನೂ ತೀರ್ಮಾನವಾಗಿಲ್ಲ. ಸುತ್ತ ನೋಡಿದರು. ಮನೆಯಲ್ಲಿ ದೋಷಕ್ಕೆ ಬರವೇ?

ಮೊದಲನೇ ದೋಷ: "ಅಡುಗೆಮನೆಯ ನಲ್ಲಿ ಸೋರುತ್ತದೆ. ಮೂರು ವರ್ಷದಿಂದ." ಹೊಣೆಗಾರ ಯಾರು ಎಂದು ಟ್ರ್ಯಾಕರ್ ಕೇಳಿತು. ಸುಮ್ಮನೆ ಒಂದು ಹೆಸರು ಹಾಕಿದರು. ನಿಜವಾದ ಇಮೇಲ್ ವಿಳಾಸ ಬೇಕು ಎಂದಿತು. ಪ್ರಾಮಾಣಿಕ ಮನುಷ್ಯ, ಮಹಡಿಯ ಮೇಲಿನ ಮನೆ ಮಾಲೀಕರ ವಿಳಾಸ ಹಾಕಿದರು. ಎರಡನೇ ದೋಷ: "ಟಿವಿ ಶಬ್ದ ವಿಪರೀತ." ಹೊಣೆಗಾರರು: ಅತ್ತೆ. ಮೂರನೇ ದೋಷ: "ನೆರೆ ಬಂದಾಗ ಗ್ರಂಥಾಲಯ ಉಳಿಸಿದ ಕಥೆಯನ್ನೇ ಪದೇ ಪದೇ ಹೇಳುತ್ತಾರೆ." ಹೊಣೆಗಾರರು: ಮುಖ್ಯ ಗ್ರಂಥಪಾಲಕರು. ನಾಲ್ಕನೆಯದರ ಹೊತ್ತಿಗೆ ಕೈ ಪಳಗಿತ್ತು. ಹೆಂಡತಿ ಟೈಲರ್, ಗುಂಡುಸೂಜಿಗಳು ಸೋಫಾದಲ್ಲಿ ಸಿಗುತ್ತಿದ್ದವು. "ದೋಷ ಕಾಣುವ ವಿಧಾನ: ಸೋಫಾದ ಎಡಗಡೆ ಕೂರುವುದು. ನಿರೀಕ್ಷಿಸಿದ ಫಲ: ವಿಶ್ರಾಂತಿ. ದೊರೆತ ಫಲ: ತಕ್ಷಣ ಏಳುವುದು."

ಬರೆದದ್ದನ್ನು ಓದಿ ಸಂತೋಷಪಟ್ಟು ಸ್ನಾನಕ್ಕೆ ಹೋದರು. ಪುಟದ ಕೆಳಗೆ ಒಂದು ಚಿಕ್ಕ ಚೌಕದಲ್ಲಿ "ಹೊಣೆಗಾರರಿಗೂ ತಂಡಕ್ಕೂ ತಿಳಿಸು" ಎಂದು ಇತ್ತು. ಅದರಲ್ಲಿ ಮೊದಲೇ ಗುರುತು ಹಾಕಿತ್ತು. ಅದು ಅವರ ಐವತ್ತೆಂಟು ಗುಣಗಳಲ್ಲಿ ಸೇರಿರಲಿಲ್ಲ.

ತಲೆ ಒರೆಸಿಕೊಂಡು ಹೊರಬಂದರೆ ಟಿವಿ ಆರಿತ್ತು. ಆ ಮನೆಯಲ್ಲಿ ಟಿವಿ ಆರಿರುವುದು ಎಂದರೆ ಕೋಳಿ ಕೂಗದೆ ಬೆಳಗಾದ ಹಾಗೆ. ಅತ್ತೆ ಮಡಿಲಲ್ಲಿ ಟ್ಯಾಬ್ಲೆಟ್ ಇಟ್ಟುಕೊಂಡು ಕನ್ನಡಕ ಏರಿಸಿಕೊಂಡು ಕೂತಿದ್ದರು.

"ಅಳಿಯಂದಿರೇ, ನಾನು ಎರಡನೇ ನಂಬರಂತೆ."

"ಅತ್ತೇ, ಅದು ಸುಮ್ಮನೆ ಪ್ರಯೋಗಕ್ಕೆ..."

"ಮೊದಲನೇ ನಂಬರು ಯಾರು?"

"ನಲ್ಲಿ."

"ಅಂದ್ರೆ ನಿಮ್ಮ ಮನೇಲಿ ನನ್ನ ಸ್ಥಾನ ನಲ್ಲಿಗಿಂತ ಹಿಂದೆ!" ಎಂದು ಅತ್ತೆ ಮಗಳ ಕಡೆ ತಿರುಗಿದರು. "ಕೇಳಿದ್ಯೇನೇ? ತೊಟ್ಟಿಕ್ಕೋ ನಲ್ಲಿಗಿರೋ ಮರ್ಯಾದೆ ನನಗಿಲ್ಲ!"

ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಲಿಲ್ಲ. ಗಂಡನನ್ನು ಒಮ್ಮೆ ನೋಡಿ, ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿದಳು. ಚುಚ್ಚುವುದರಲ್ಲಿ ಎಂದಿಗಿಂತ ಸ್ವಲ್ಪ ಹೆಚ್ಚು ಬಲವಿತ್ತು.

ನೋಡೋಣಪ್ಪನವರು ಕಂಪ್ಯೂಟರಿನ ಮುಂದೆ ಕೂತು ನಾಲ್ಕೂ ದೋಷಗಳನ್ನು ಅಳಿಸಲು ಹೊರಟರು. ಅಳಿಸಲು ಬರುವುದಿಲ್ಲ ಎಂದಿತು ಟ್ರ್ಯಾಕರ್. ಒಮ್ಮೆ ಬರೆದದ್ದು ಬರೆದಂತೆ. ಚಿತ್ರಗುಪ್ತನ ಕಚೇರಿಯಲ್ಲೂ ಇದೇ ನಿಯಮ ಎಂದು ಹಿರಿಯರು ಹೇಳುತ್ತಾರೆ. ಬೇಕಾದರೆ ಕಾರಣ ಕೊಟ್ಟು ಮುಚ್ಚಬಹುದು: "ಸರಿಯಾಯಿತು", "ಈಗಾಗಲೇ ಇದೆ", "ಸರಿಪಡಿಸುವುದಿಲ್ಲ". ಮುಖ್ಯ ಗ್ರಂಥಪಾಲಕರದನ್ನು ಮೊದಲು ಮುಚ್ಚಬೇಕು, ಅವರು ಇಮೇಲ್ ನೋಡುವ ಮೊದಲೇ ಮುಚ್ಚಬೇಕು ಎಂದು ಆತುರಪಟ್ಟರು. ಕಥೆ ನಿಂತಿಲ್ಲವಲ್ಲ, ಸರಿಯಾಯಿತು ಎಂದರೆ ಸುಳ್ಳಾದೀತು. "ಸರಿಪಡಿಸುವುದಿಲ್ಲ" ಒತ್ತಿದರು. ಆ ಸುದ್ದಿಯೂ ಇಮೇಲಿನಲ್ಲಿ ಹೋಯಿತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಮನೆ ಮಾಲೀಕರು ಬಾಗಿಲಲ್ಲಿ ನಿಂತರು. ಹಿಂದೆ ನೆರೆಮನೆಯವರಿಬ್ಬರು, ಏನಾದರೂ ನಡೆದರೆ ತಪ್ಪಿಹೋಗಬಾರದೆಂದು.

"ಏನ್ ಸ್ವಾಮಿ, ನಲ್ಲಿ ನನ್ನ ಹೆಸರಲ್ಲಿದೆಯಂತೆ? ನಾನು ಈಗಷ್ಟೇ ನಮ್ಮನೇಲಿ ಪರೀಕ್ಷೆ ಮಾಡಿ ಬಂದೆ. ಸೋರ್ತಿಲ್ಲ."

"ನಿಮ್ಮನೆ ನಲ್ಲಿ ಅಲ್ಲ ಸರ್, ನಮ್ಮನೇದು."

"ಎರಡಕ್ಕೂ ಒಂದೇ ಟ್ಯಾಂಕು. ಅಲ್ಲಿ ಸೋರ್ದೆ ಇಲ್ಲಿ ಹೇಗ್ರೀ ಸೋರುತ್ತೆ? ನಮ್ಮಲ್ಲಿ ಕಾಣಲಿಲ್ಲ ಅಂತ ಬರೆದು ಮುಚ್ಚಿಬಿಟ್ಟಿದ್ದೀನಿ."

"ನಾನು ತೆರೆದೆ" ಎಂದರು ಅತ್ತೆ, ಟ್ಯಾಬ್ಲೆಟ್ಟಿನಿಂದ ಕಣ್ಣೆತ್ತದೆ. ನಲ್ಲಿಯ ಮೇಲೆ ಎಷ್ಟೇ ಮುನಿಸಿದ್ದರೂ ನ್ಯಾಯ ನ್ಯಾಯವೇ.

ಮಾಲೀಕರು ಅಲ್ಲೇ ನಿಂತು ಫೋನಿನಲ್ಲಿ ಮುಚ್ಚಿದರು. ಅತ್ತೆ ತೆರೆದರು. ಮಾಲೀಕರು ಮುಚ್ಚಿದರು. ಅತ್ತೆ ತೆರೆದು, ನಲ್ಲಿಯ ಫೋಟೋ ತೆಗೆದು ಹಾಕಿದರು. ತಮ್ಮ ಎರಡನೇ ದೋಷವನ್ನೂ ಆಗಲೇ ಮುಚ್ಚಿದ್ದರು. ಪಟ್ಟಿಯಲ್ಲಿದ್ದ ಮೂರು ಕಾರಣಗಳೂ ಹಿಡಿಸದೆ ತಾವೇ ಬರೆದಿದ್ದರು: "ಇದು ದೋಷವಲ್ಲ. ಬೇಕೆಂದೇ ಹೀಗೆ ಇಡಲಾಗಿದೆ."

ಸಂಜೆಯೊಳಗೆ ಇಡೀ ಕಟ್ಟಡಕ್ಕೆ ರುಚಿ ಹತ್ತಿತು. ಐದನೇ ದೋಷ, ಮೆಟ್ಟಿಲಿನ ದೀಪ. ಆರನೆಯದು, ಯಾರದೋ ಸೈಕಲ್ಲು. ಏಳು, ಅಳಿಯಂದಿರು ಬಚ್ಚಲಿನ ದೀಪ ಆರಿಸುವುದಿಲ್ಲ. ಎಂಟು, ಏಳನೆಯದು ನಿಜ ಎಂದು ನೆರೆಮನೆಯವರ ಸಾಕ್ಷಿ. ನೋಡೋಣಪ್ಪನವರು ಕಂಪ್ಯೂಟರ್ ಮುಚ್ಚಿ ಅದರ ಮೇಲೆ ಟವಲ್ ಹೊದಿಸಿದರು.

ಶುಕ್ರವಾರ ಗ್ರಂಥಾಲಯಕ್ಕೆ ಹೋಗುವಾಗ ಕಾಲುಗಳು ಹಿಂದಕ್ಕೇ ನಡೆಯುತ್ತಿದ್ದವು. ಕೌಂಟರಿನಲ್ಲಿ ಕೂರುವ ಮೊದಲೇ ಕರೆ ಬಂತು. ಮುಖ್ಯ ಗ್ರಂಥಪಾಲಕರ ಮೇಜಿನ ಮೇಲೆ ಎರಡು ಹಾಳೆ ಇದ್ದವು. ಇಮೇಲನ್ನು ಪ್ರಿಂಟ್ ತೆಗೆಸಿ, ಸ್ವೀಕರಿಸಲಾಗಿದೆ ಎಂದು ತಾವೇ ಮುದ್ರೆ ಒತ್ತಿದ್ದರು.

"ಪದೇ ಪದೇ ಹೇಳ್ತೀನಿ ಅಂತ ಬರೆದಿದ್ದೀರಿ. ಆಮೇಲೆ ಸರಿಪಡಿಸಲ್ಲ ಅಂತಲೂ ಬರೆದಿದ್ದೀರಿ. ಯಾವ ಕಥೆ ಅದು?"

"ಸರ್, ಅದು... ನೆರೆ..."

"ಇದಾ ನೋಡಿ." ಅವರು ಕನ್ನಡಕ ತೆಗೆದು ಕಿಟಕಿಯ ಕಡೆ ನೋಡುತ್ತ ಕಥೆ ಆರಂಭಿಸಿದರು. ನೀರು ನುಗ್ಗಿತು. ಅವರು ಒಬ್ಬರೇ ಪುಸ್ತಕ ಹೊತ್ತರು. ನೀರು ಏರಿತು. ಇಪ್ಪತ್ತು ನಿಮಿಷವಾದ ಮೇಲೆ ನೀರು ಇಳಿಯಿತು. "ಇದೇನಾ?"

"ಹೌದು ಸರ್."

"ಮೊನ್ನೆ ಹೇಳಿದಾಗ ನೀರು ಎಲ್ಲೀತನಕ ಬಂದಿತ್ತು?"

"ಮೊಣಕಾಲಿನ ತನಕ ಸರ್."

"ಇವತ್ತು?"

"ಸೊಂಟದ ತನಕ."

"ಹಾಗಾದ್ರೆ ಒಂದೇ ಕಥೆ ಹೇಗಾಗುತ್ರೀ? ಇದು ಹೊಸ ಆವೃತ್ತಿ!" ಎಂದು ಮೇಜು ಕುಟ್ಟಿದರು. ತಂತ್ರಾಂಶ ಬರೆದವರು ಒಪ್ಪಲೇಬೇಕಾದ ಮಾತು ಅದು.

"ಇರಲಿ. ಇನ್ನೊಂದು ವಿಷಯ. ಈ ಕಚೇರಿಯಿಂದ ನಾನು ಬರೆದ ಪತ್ರಗಳಿಗೆ ಇಪ್ಪತ್ತೆರಡು ವರ್ಷದಲ್ಲಿ ಉತ್ತರ ಬಂದದ್ದಿಲ್ಲ. ನಿಮ್ಮ ಯಂತ್ರಕ್ಕೆ ನೆನ್ನೆ ನಾನೂ ಒಂದು ದೋಷ ಬರೆದು ಕಳಿಸಿದೆ. ಎರಡು ನಿಮಿಷಕ್ಕೆ ಉತ್ತರ ಬಂತು. ಆದ್ರೆ ಏನುತ್ತರ ಅಂತೀರಿ? ‘ಈ ದೋಷ ಈಗಾಗಲೇ ಇದೆ. ಒಂಬತ್ತನೆಯದನ್ನು ನೋಡಿ.’"

"ನೀವು ಏನು ಬರೆದಿದ್ರಿ ಸರ್?"

"ಕೌಂಟರಿನ ನೌಕರರು ಯಾವುದನ್ನೂ ತೀರ್ಮಾನ ಮಾಡಲ್ಲ ಅಂತ."

ನೋಡೋಣಪ್ಪನವರು ಕೌಂಟರಿಗೆ ಬಂದು, ಎದುರಿಗೆ ಮೂವರು ಪುಸ್ತಕ ಹಿಡಿದು ನಿಂತಿರುವಾಗಲೇ, ಒಂಬತ್ತನೇ ದೋಷ ತೆರೆದರು. ಬರೆದವರು: ಹೆಂಡತಿ. ಗುರುವಾರ ಸಂಜೆ.

"‘ನೋಡೋಣ’ ಅನ್ನುತ್ತಾರೆ, ನೋಡುವುದಿಲ್ಲ. ಮೊದಲು ಕಂಡದ್ದು: ಮದುವೆಯಾದ ಎರಡನೇ ದಿನ, ಬಸ್ಸಿನಲ್ಲಿ ಕಿಟಕಿ ಪಕ್ಕ ನೀವು ಕೂರುತ್ತೀರೋ ನಾನು ಕೂರಲೋ ಎಂದು ಕೇಳಿದಾಗ. ಇಬ್ಬರೂ ನಿಂತುಕೊಂಡೇ ಹೋದೆವು. ದೋಷ ಕಾಣುವ ವಿಧಾನ: ಏನನ್ನಾದರೂ ಕೇಳುವುದು. ನಿರೀಕ್ಷಿಸಿದ ಫಲ: ಹೌದು ಅಥವಾ ಇಲ್ಲ, ಯಾವುದಾದರೂ ಸರಿ. ಹೊಣೆಗಾರರು: ಅವರೇ."

ಕೆಳಗೆ "ನನಗೂ ಈ ತೊಂದರೆ ಇದೆ" ಎಂದು ಬೆರಳೊತ್ತಿದವರು ಹದಿನಾಲ್ಕು ಜನ. ಅವರಲ್ಲಿ ಕ್ಷೌರಿಕನೂ ಇದ್ದ. ಅವನಿಗೆ ಯಾರು ಹೇಳಿದರು ಎಂಬುದು ಇಂದಿಗೂ ತಿಳಿದಿಲ್ಲ.

ಶನಿವಾರ ಹತ್ತನೇ ದೋಷ ಬಂತು. ಅದನ್ನು ಬರೆದವರು ಗಾರ್ಡು. ತಂಡದವರೆಂದು ಮೊದಲ ದಿನದಿಂದ ಅವರಿಗೂ ನರ್ಸಮ್ಮನಿಗೂ ಎಲ್ಲ ಇಮೇಲುಗಳೂ ಹೋಗುತ್ತಿದ್ದವು. "ಅಜ್ಜಿಯ ಹೆಸರಿನಲ್ಲಿ ಮುನ್ನೂರ ಹನ್ನೆರಡು ಪುಸ್ತಕ. ಸೋಮವಾರ ಬೆಳಿಗ್ಗೆಯೊಳಗೆ ಸರಿಯಾಗಬೇಕು. ಸ್ಥಿತಿ: ತಡೆದು ನಿಂತಿದೆ. ಕಾರಣ: ಒಂಬತ್ತನೇ ದೋಷ."

ಇದನ್ನು ಓದಿದ ನೋಡೋಣಪ್ಪನವರು ಎರಡು ಲೋಟ ನೀರು ಕುಡಿದರು.

ಭಾನುವಾರ ಮೂರೂ ಮುಕ್ಕಾಲಿಗೆ ಅವರು ಐವತ್ತೆಂಟು ಗುಣಗಳ ಪಟ್ಟಿ ಹಿಡಿದುಕೊಂಡು ಹಾಲಿಗೆ ಬಂದರು. ಇನ್ನೊಂದು ವಾರ ಕೊಡಿ ಎನ್ನಬೇಕು, ಅಡುಗೆಮನೆಯ ನಲ್ಲಿಯ ಟಪಟಪದಲ್ಲಿ ಯೋಚಿಸಲಾಗಲಿಲ್ಲ ಎನ್ನಬೇಕು ಎಂದುಕೊಂಡಿದ್ದರು. ಕಿವಿಗೊಟ್ಟರು. ಟಪಟಪವಿಲ್ಲ. ಮಾಲೀಕರು ಬೆಳಿಗ್ಗೆಯೇ ಸ್ಪ್ಯಾನರ್ ತಂದು, ನಂಬರಿನ ಅವಮಾನ ತಾಳಲಾರದೆ, ತಾವೇ ಬಿಗಿಮಾಡಿದ್ದರು. ಈಗ ಸ್ಪ್ಯಾನರ್ ಕೈಯಲ್ಲೇ ಇಟ್ಟುಕೊಂಡು ಬಾಗಿಲಿಗೆ ಒರಗಿ ನಿಂತಿದ್ದರು. ಟಿವಿ ಗಲಾಟೆ ಎನ್ನೋಣವೆಂದರೆ ಅತ್ತೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದರು. ಸೋಫಾದ ಎಡಗಡೆ ಅಂಜುತ್ತಂಜುತ್ತ ಕೂತರು. ಏನೂ ಚುಚ್ಚಲಿಲ್ಲ. ಹೆಂಡತಿ ಎಲ್ಲ ಗುಂಡುಸೂಜಿ ಆರಿಸಿ ಡಬ್ಬಿಗೆ ಹಾಕಿದ್ದಳು, ಅದೂ ಬಿಸ್ಕತ್ತಿನ ಡಬ್ಬಿಗೇ. ಚೀಟಿಗಳು ಪಕ್ಕದಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದವು.

ಯಾವ ನೆಪವೂ ಉಳಿದಿರಲಿಲ್ಲ. ದೇವರು ಕಾಪಾಡಬೇಕು ಎಂದುಕೊಂಡರೆ, ಅವನೂ ಆ ಕಡೆಯ ಪಕ್ಷದಲ್ಲಿದ್ದ ಹಾಗೆ ಕಾಣಿಸಿತು.

ಪರದೆಯಲ್ಲಿ ನರ್ಸಮ್ಮನ ಮುಖ ಮೂಡಿತು. ಹಿಂದೆ ಹಾಸಿಗೆಯಲ್ಲಿ ಒರಗಿ ಕೂತಿದ್ದ ಮುದುಕಿಯೊಬ್ಬರು ಕತ್ತು ಉದ್ದ ಮಾಡಿ ನೋಡುತ್ತಿದ್ದರು.

"ಅಣ್ಣಾ, ಮೊದ್ಲು ಹೇಳಿ, ನಲ್ಲಿ ಏನಾಯ್ತು? ವಾರ್ಡಿನಲ್ಲಿ ಎಲ್ಲರೂ ಕೇಳ್ತಿದ್ದಾರೆ."

"ನಿಂತಿದೆ ತಾಯಿ" ಎಂದರು ಮಾಲೀಕರು ಬಾಗಿಲಿನಿಂದ. ಆ ಕಡೆ ಹತ್ತಾರು ಜನ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಮಾಲೀಕರು ಸ್ಪ್ಯಾನರನ್ನು ಎದೆಗೆ ಒತ್ತಿಕೊಂಡು ತಲೆ ಬಾಗಿದರು.

"ಹೇಳಿ ಸ್ವಾಮಿ" ಎಂದರು ಗಾರ್ಡು. "ಕಂಪ್ಯೂಟರ್ ಅಂದ್ರೆ ಹೆದರೋ ಜನ ನಾಲ್ಕು ದಿನದಲ್ಲಿ ಇದನ್ನ ಹೊಲ ಉತ್ತಂಗೆ ಉತ್ತಿದ್ದಾರೆ. ಇದೇ ಟ್ರ್ಯಾಕರ್ ಇರಲಿ ಅಂತ ನಾವಂತೀವಿ. ಆದ್ರೆ ನಿಮ್ಮ ಬಾಯಿಂದ ಬರಬೇಕು. ಇದೋ, ಅಲ್ವೋ?"

ಅತ್ತೆ ಒಂದು ಕಿವಿಯ ಇಯರ್‌ಫೋನ್ ತೆಗೆದರು. ಹೆಂಡತಿಯ ಯಂತ್ರ ನಿಂತಿತು. ನೋಡೋಣಪ್ಪನವರ ಹಣೆಯಿಂದ ಒಂದು ಹನಿ ಜಾರಿ ಪಟ್ಟಿಯ ಮೇಲೆ ಬಿತ್ತು.

"ನೋ..." ಎಂದರು.

ಪರದೆಯ ಮೂಲೆಯಲ್ಲಿ ಮುದುಕಿ ಕೈಯಲ್ಲಿದ್ದ ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು. ಸವೆದು ಹೋದ ಮೊದಲನೇ ಸಂಪುಟ. ಕೊನೆಯ ಪುಟಕ್ಕೆ ಬೆರಳಿಟ್ಟುಕೊಂಡೇ ಮುಚ್ಚಿದ್ದರು.

ನೋಡೋಣಪ್ಪನವರು ಆ ಬೆರಳನ್ನು ನೋಡಿದರು. ಬಾಯಲ್ಲಿದ್ದ ಮಾತನ್ನು, ಕಹಿ ಗುಳಿಗೆ ನುಂಗಿದ ಹಾಗೆ, ಎರಡು ಸಲ ಗುಟುಕರಿಸಿ ನುಂಗಿದರು.

"ಇದೇ" ಎಂದರು. "ಇದೇ ಟ್ರ್ಯಾಕರ್. ತೀರ್ಮಾನ ಆಯ್ತು." ಆಮೇಲೆ, ಯಾರೂ ಕೇಳದಿದ್ದರೂ, "ಹೌದು" ಎಂದೂ ಸೇರಿಸಿದರು.

ಪಟ್ಟಿಯನ್ನು ಪಕ್ಕಕ್ಕಿಟ್ಟು, ಎಲ್ಲರೂ ನೋಡುತ್ತಿರುವಾಗಲೇ ಹತ್ತನೇ ದೋಷ ತೆರೆದು, ತಂತ್ರಾಂಶದ ಹೊಟ್ಟೆ ಬಗೆದರು. ಹಾಸಿಗೆಯ ನಂಬರು ಹೋಗಬೇಕಾದ ಕಡೆ ಬಿಟ್ಟು ಪಕ್ಕದ ಕೋಣೆಗೆ ಹೋಗುತ್ತಿತ್ತು. ಒಂದೇ ಒಂದು ಸಾಲು. ಎರಡು ತಿಂಗಳು ಡಬ್ಬಿಯಲ್ಲಿದ್ದ ದೋಷ ಹನ್ನೊಂದು ನಿಮಿಷದಲ್ಲಿ ಸರಿಯಾಯಿತು. ನರ್ಸಮ್ಮ ಅಜ್ಜಿಯ ಕಾರ್ಡು ತೆರೆದರು. ಬಾಕಿ ಒಂದೇ ಪುಸ್ತಕ. ಅಜ್ಜಿ ಮೊದಲನೇ ಸಂಪುಟ ಕೊಟ್ಟರು, ಬರೆಸಿದರು. ಎರಡನೆಯದು ತೆಗೆದುಕೊಂಡರು, ಬರೆಸಿದರು. ಕನ್ನಡಕ ಹಾಕಿಕೊಂಡು ಮೊದಲ ಪುಟ ತೆರೆದರು.

"ಯಾರಜ್ಜೀ?" ಎಂದು ತಡೆಯಲಾರದೆ ಕೇಳಿದವರು ಅತ್ತೆ.

"ಯಾರಿಲ್ಲ ಕಣಮ್ಮ. ಗಾಳಿಗೆ ಬಡ್ಕೊಂಡಿದ್ದಂತೆ" ಎಂದು ಅಜ್ಜಿ ಪುಟ ತಿರುಗಿಸಿದರು. "ಪರವಾಗಿಲ್ಲ. ಮುಂದೆ ಬರ್ತಾನೆ. ನಾಳೆ ಮದ್ದು ಇಳಿದ ಮೇಲೆ ಎದ್ದು ಓದ್ತೀನಿ."

ಪರದೆ ಆರಿತು. ಮಾಲೀಕರು ಮೆಟ್ಟಿಲಿನ ದೀಪದ ಕಡೆ ಹೊರಟರು. ಅತ್ತೆ ಇಯರ್‌ಫೋನ್ ಕಿತ್ತು ಟಿವಿಗೆ ಬೇಕೆಂದೇ ಇಟ್ಟ ಶಬ್ದ ಕೊಟ್ಟರು. ನೋಡೋಣಪ್ಪನವರು ಎದೆ ಉಬ್ಬಿಸಿಕೊಂಡು ಒಂಬತ್ತನೇ ದೋಷ ತೆರೆದು "ಸರಿಯಾಯಿತು" ಒತ್ತಿದರು. ಟ್ರ್ಯಾಕರ್ ಒಪ್ಪಲಿಲ್ಲ. ಬೇರೆ ಕಾರಣಕ್ಕೆ ಯಾರಾದರೂ ಮುಚ್ಚಬಹುದು, ಸರಿಯಾಯಿತು ಎನ್ನಲು ಮಾತ್ರ ದೋಷ ಬರೆದವರೇ ಪರೀಕ್ಷಿಸಿ ಒಪ್ಪಬೇಕಂತೆ. ಅದೂ ಅವರ ಪಟ್ಟಿಯಲ್ಲಿರದ ಗುಣ.

ಹೆಂಡತಿಯ ಫೋನು ಟಿಣ್ ಎಂದಿತು. ಅವಳು ಓದಿದಳು.

"ಏನೇ, ಒಪ್ಪಿಗೆ ತಾನೇ?" ಎಂದು ಇವರು ಸೋಫಾದ ತುದಿಗೆ ಬಂದು ಕೂತರು.

ಅವಳು ಫೋನನ್ನು ಬಟ್ಟೆಯ ಕೆಳಗೆ ಸರಿಸಿ, ಸೂಜಿಗೆ ದಾರ ಪೋಣಿಸಿ, ಪೆಡಲಿನ ಮೇಲೆ ಕಾಲಿಟ್ಟಳು.

"ನೋಡೋಣ ರೀ" ಎಂದಳು.